ಟೋಪಿಯೊಳಗಿನ ಚೀಟಿ, ಆಟಗಾರನ ಬದುಕು

1950ರಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಮೂವರು ಆಟಗಾರರ ಹೆಸರು ಬರೆದ ಚೀಟಿಗಳನ್ನು ಟೋಪಿಗೆ ಹಾಕಿ ಎತ್ತಲಾಯಿತು. ಬಾಸ್ಟನ್ ಸೆಲ್ಟಿಕ್ಸ್ ಪಾಲಿಗೆ ಬಂದ ಹೆಸರು ಬಾಬ್ ಕೂಸಿ. ಮುಂದೆ ಆ ತಂಡಕ್ಕೆ ಆರು ಚಾಂಪಿಯನ್‌ಷಿಪ್ ತಂದುಕೊಟ್ಟವರಲ್ಲಿ ಅವನೂ ಒಬ್ಬ. ಹಾಗಾಗಿ ಎಲ್ಲರೂ ಇದನ್ನು ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ನನ್ನ ಪ್ರಕಾರ ಇದು ಅನ್ಯಾಯದ ಕಥೆ.

ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಯೇ ಡ್ರಾಫ್ಟ್. ಹೋಲಿ ಕ್ರಾಸ್ ಕಾಲೇಜಿನ ಕೂಸಿಯನ್ನು ಆ ವರ್ಷದ ಡ್ರಾಫ್ಟ್‌ನಲ್ಲಿ ಆರಿಸಿಕೊಂಡದ್ದು ದೂರದ ಟ್ರೈ-ಸಿಟೀಸ್ ಬ್ಲ್ಯಾಕ್‌ಹಾಕ್ಸ್. ಅವನಿಗೆ ಕಾಲೇಜಿದ್ದ ವೂಸ್ಟರ್ ಊರು ಬಿಡುವ ಮನಸ್ಸಿರಲಿಲ್ಲ. ಅಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಯೋಚನೆಯಿತ್ತು. ಅವನು ಹತ್ತು ಸಾವಿರ ಡಾಲರ್ ಕೇಳಿದ, ತಂಡದ ಮಾಲೀಕ ಆರು ಸಾವಿರಕ್ಕಿಂತ ಮೇಲೇರಲಿಲ್ಲ. ಕೂಸಿ ಒಪ್ಪಲಿಲ್ಲ. ಅವನನ್ನು ಆಡಿಸುವ ಹಕ್ಕನ್ನು ಶಿಕಾಗೊ ಸ್ಟ್ಯಾಗ್ಸ್‌ಗೆ ದಾಟಿಸಿದರು, ಆ ತಂಡವೇ ಮುಚ್ಚಿಹೋಯಿತು, ಕೊನೆಗೆ ಟೋಪಿ ಬಂತು. ಇಷ್ಟೆಲ್ಲ ಆಗುವಾಗ ‘ನಿನಗೆ ಎಲ್ಲಿ ಆಡಬೇಕೆಂದಿದೆ?’ ಎಂದು ಅವನನ್ನು ಕೇಳಲೇಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ.

ಡ್ರಾಫ್ಟ್ ಇಲ್ಲದಿದ್ದರೆ ದುಡ್ಡಿರುವ ನ್ಯೂಯಾರ್ಕ್ ಎಲ್ಲರನ್ನೂ ಬಾಚಿಕೊಳ್ಳುತ್ತದೆ, ದುರ್ಬಲ ತಂಡ ಉಳಿಯುವುದಿಲ್ಲ ಎಂಬುದು ಸಮರ್ಥಕರ ವಾದ. ಆದರೆ ಸಮಬಲವೇ ಗುರಿಯಾಗಿದ್ದರೆ ‘ಪ್ರಾದೇಶಿಕ ಆಯ್ಕೆ’ ಏಕೆ ಬೇಕಿತ್ತು? ಮೊದಲ ಸುತ್ತಿನ ಸರದಿ ಬಿಟ್ಟುಕೊಟ್ಟರೆ ತಂಡವೊಂದು ತನ್ನ ಸುತ್ತಲಿನ ಜನಪ್ರಿಯ ಹುಡುಗನನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ವಿಲ್ಟ್ ಚೇಂಬರ್ಲಿನ್ ಕಾಲೇಜು ದಿನಗಳಲ್ಲಿ ಆಡಿದ್ದು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ. ಆದರೂ ಹೈಸ್ಕೂಲು ಓದಿದ ಊರೆಂಬ ನೆಪದಲ್ಲಿ 1959ರಲ್ಲಿ ಅವನನ್ನು ಫಿಲಡೆಲ್ಫಿಯಾ ವಾರಿಯರ್ಸ್ ಪಡೆದುಕೊಂಡಿತು. ಟಿಕೆಟ್ ಮಾರಾಟಕ್ಕೆ ಅಡ್ಡಬಂದಾಗ ಸಮಬಲ ಪಕ್ಕಕ್ಕೆ ಸರಿಯಿತು. ಗೇಟಿನ ಹಣವನ್ನು ತಂಡಗಳು ಹಂಚಿಕೊಂಡೂ ಸಮಬಲ ಸಾಧಿಸಬಹುದಿತ್ತು. ಆದರೆ ಅದರ ಖರ್ಚು ಮಾಲೀಕರ ಜೇಬಿನಿಂದ ಹೋಗಬೇಕಿತ್ತು.

1970ರಲ್ಲಿ ಆಸ್ಕರ್ ರಾಬರ್ಟ್‌ಸನ್ ಮುಂದಾಳತ್ವದಲ್ಲಿ ಆಟಗಾರರು ಲೀಗ್ ವಿರುದ್ಧ ಕೋರ್ಟಿಗೆ ಹೋದರು. 1976ರ ರಾಜಿಯಲ್ಲಿ ಆಟಗಾರರ ಮೇಲೆ ತಂಡಗಳಿಗಿದ್ದ ಹಿಡಿತ ಸಡಿಲವಾಯಿತು, ಡ್ರಾಫ್ಟ್ ಮಾತ್ರ ಉಳಿಯಿತು. ಇಂದು ಡ್ರಾಫ್ಟ್ ಒಳಗೊಂಡ ಒಪ್ಪಂದಕ್ಕೆ ಆಟಗಾರರ ಸಂಘವೂ ಸಹಿ ಹಾಕುತ್ತದಲ್ಲ ಎನ್ನುವವರಿದ್ದಾರೆ. ಆ ಸಹಿ ಬೀಳುವಾಗ ಕಾಲೇಜಿನ ಹುಡುಗ ಸಂಘದ ಸದಸ್ಯನೇ ಆಗಿರುವುದಿಲ್ಲ. ಅವನ ಪರವಾಗಿ ಅವನದಲ್ಲದ ಕೈ ಸಹಿ ಹಾಕುತ್ತದೆ.

ಎಂಜಿನಿಯರಿಂಗ್ ಮುಗಿಸಿದವನಿಗೆ ಯಾವ ಕಂಪನಿ, ಯಾವ ಊರು ಎಂದು ಕಂಪನಿಗಳೇ ಸೇರಿ ತೀರ್ಮಾನಿಸಿದರೆ ನಾವು ಸುಮ್ಮನಿರುತ್ತೇವೆಯೇ? ಆಟಗಾರನೂ ದುಡಿಯುವವನೇ. ಎಲ್ಲಿ ದುಡಿಯಬೇಕೆಂಬ ಆಯ್ಕೆ ಅವನದಾಗಬೇಕು, ಡ್ರಾಫ್ಟ್ ರದ್ದಾಗಬೇಕು.