ವಿದ್ಯುತ್ತಿನ ಪಂದ್ಯದೋಣಿ

2024ನೆಯ ಇಸವಿಯ ಫೆಬ್ರವರಿಯಲ್ಲಿ, ಕೆಂಪು ಸಮುದ್ರದ ತೀರದ ಜೆಡ್ಡಾ ಪಟ್ಟಣದಲ್ಲಿ, ವಿದ್ಯುಚ್ಛಕ್ತಿಯಿಂದಲೇ ಓಡುವ ದೋಣಿಗಳ ಜಾಗತಿಕ ಪಂದ್ಯಮಾಲೆಯೊಂದು ಮೊದಲಾಯಿತು. ಪಂದ್ಯಕ್ಕೆ ‘ಈ-ಒನ್’ ಎಂದೂ ದೋಣಿಗೆ ‘ರೇಸ್‌ಬರ್ಡ್’ ಎಂದೂ ಹೆಸರು. ಅದು ಗಂಟೆಗೆ ಸುಮಾರು 93 ಕಿಲೋಮೀಟರ್ ಓಡಬಲ್ಲದೆಂದು ಕೇಳಿದವರು ಕೂಡಲೇ ವಿದ್ಯುತ್ತಿನ ಮಹಿಮೆಯನ್ನು ಕೊಂಡಾಡುವರು. ಈ ಹೊಗಳಿಕೆಯು ಸಲ್ಲತಕ್ಕ ಸ್ಥಳಕ್ಕೆ ಸಲ್ಲುತ್ತಿಲ್ಲವೆಂಬುದು ನನ್ನ ಅಭಿಪ್ರಾಯ.

ಲೆಕ್ಕವನ್ನು ನೋಡಿರಿ. ಆ ದೋಣಿಯ ಬ್ಯಾಟರಿಯು ಹಿಡಿಯುವ ಶಕ್ತಿ 35 ಕಿಲೋವಾಟ್-ಗಂಟೆ. ನಾಲ್ಕು ಲೀಟರು ಪೆಟ್ರೋಲಿನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯು ಅಡಗಿರುವುದು! ಪೆಟ್ರೋಲಿನ ಯಂತ್ರವು ಬಹುಭಾಗವನ್ನು ಬರಿಯ ಶಾಖವಾಗಿ ಕಳೆಯುವುದು, ವಿದ್ಯುತ್ ಮೋಟಾರು ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಕೆಲಸಕ್ಕೆ ತರುವುದು ಎಂಬುದೇನೋ ನಿಜ. ಆದರೂ 150 ಕಿಲೋವಾಟಿನ ಆ ಮೋಟಾರನ್ನು ಪೂರ್ಣಬಲದಿಂದ ತಿರುಗಿಸಿದರೆ ಹದಿನಾಲ್ಕೇ ನಿಮಿಷಗಳಲ್ಲಿ ಬ್ಯಾಟರಿಯು ಬರಿದಾಗುವುದು. ದೊಡ್ಡ ಬ್ಯಾಟರಿಯನ್ನಿಟ್ಟರೆ ಭಾರ ಹೆಚ್ಚುವುದು. ಭಾರ ಹೆಚ್ಚಿದರೆ ದೋಣಿಯು ಇನ್ನೂ ಆಳಕ್ಕಿಳಿದು ಇನ್ನಷ್ಟು ನೀರನ್ನು ತಳ್ಳಬೇಕಾಗುವುದು. ಆದಕಾರಣ, ಕೈಯಲ್ಲಿ ಹಣ ಸಾಲದ ಗೃಹಿಣಿಯಂತೆ, ಯಂತ್ರಶಿಲ್ಪಿಗಳು ವೆಚ್ಚವನ್ನು ತಗ್ಗಿಸುವ ಉಪಾಯವನ್ನೇ ಹುಡುಕಬೇಕಾಯಿತು.

ವೆಚ್ಚವೆಲ್ಲವೂ ನೀರಿನದು. ನೀರು ಗಾಳಿಗಿಂತ ಸುಮಾರು ಎಂಟುನೂರು ಪಾಲು ಸಾಂದ್ರವಾದುದು. ವೇಗವು ಇಮ್ಮಡಿಯಾದರೆ ಅದರ ತಡೆಯು ಸುಮಾರು ನಾಲ್ಮಡಿಯಾಗುವುದು. ಹೀಗಿರಲಾಗಿ ದೋಣಿಯ ಒಡಲನ್ನೇ ನೀರಿನಿಂದ ಹೊರಗೆ ಎತ್ತಿಬಿಟ್ಟರು. ಬೀಸುಗಾಳಿಗೆ ಮೊರವನ್ನು ಓರೆಯಾಗಿ ಹಿಡಿದವರು ಅದು ಕೈಯನ್ನು ಮೇಲಕ್ಕೆಳೆಯುವ ಬಗೆಯನ್ನು ಬಲ್ಲರು. ದೋಣಿಯ ಅಡಿಯಲ್ಲಿ ಕಾಲುಗಳಂತೆ ಇಳಿದಿರುವ ರೆಕ್ಕೆಗಳೂ ಇದೇ ಕಾರ್ಯವನ್ನು ಮಾಡುವುವು. ತಡೆಯಾಗಿದ್ದ ಸಾಂದ್ರತೆಯೇ ಇಲ್ಲಿ ಸಹಾಯಕವಾಗಿ, ಸಣ್ಣ ರೆಕ್ಕೆಯೇ ಸಾಕಾಗುವುದು. ರೆಕ್ಕೆಯು ಮೇಲ್ಮೈಗೆ ತೀರ ಹತ್ತಿರ ಬಂದು ಗಾಳಿಯನ್ನು ಎಳೆದುಕೊಂಡರೆ ಮಾತ್ರ ಎತ್ತುವ ಬಲವು ಥಟ್ಟನೆ ಕುಸಿದು ದೋಣಿಯು ನೀರಿಗೆ ಅಪ್ಪಳಿಸುವುದು.

ಯುಕ್ತಿಯು ಹೊಸದಲ್ಲ. ಟೆಲಿಫೋನಿನಿಂದ ಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೂ ಸಂಗಡಿಗರಾದ ಬಾಲ್ಡ್‌ವಿನ್ ಅವರೂ ನಿರ್ಮಿಸಿದ ರೆಕ್ಕೆದೋಣಿಯು 1919ರಲ್ಲಿ ಕೆನಡಾ ದೇಶದಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದಿಂದ ಓಡಿತ್ತು. ಅದಕ್ಕೆ ತಲಾ 350 ಅಶ್ವಶಕ್ತಿಯ ಎರಡು ಯಂತ್ರಗಳಿದ್ದವು. ರೇಸ್‌ಬರ್ಡಿಗೆ ಒಟ್ಟು ಸುಮಾರು 200 ಅಶ್ವಶಕ್ತಿ.

ಇದು ಧನಿಕರ ವಿನೋದವಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ತಂಡಗಳ ಒಡೆಯರು ಬಡವರಲ್ಲ, ದೋಣಿಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸುವುದೂ ಹೊಗೆಯಿಲ್ಲದ ಕೆಲಸವಲ್ಲ. ಆದರೆ ಅದೇ 2024ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಮೂವತ್ತು ಮಂದಿಯನ್ನು ಕೊಂಡೊಯ್ಯುವ ವಿದ್ಯುತ್ ರೆಕ್ಕೆದೋಣಿಯು ಸಂಚರಿಸತೊಡಗಿತು. ಅದು ಪಂದ್ಯದಿಂದ ಹುಟ್ಟಿದ್ದೆಂದು ನಾನು ಹೇಳುವುದಿಲ್ಲ. ತತ್ತ್ವವು ಮಾತ್ರ ಒಂದೇ.

ರೇಸ್‌ಬರ್ಡಿನ ರೂಪವನ್ನು ಕಲ್ಪಿಸಿದವರು ಸೋಫಿ ಹಾರ್ನ್ ಎಂಬ ಮಹಿಳೆ. ಪ್ರತಿಯೊಂದು ತಂಡದಲ್ಲಿಯೂ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ದೋಣಿಯನ್ನು ನಡೆಸತಕ್ಕದ್ದೆಂದು ನಿಯಮವುಂಟು. 2024ರಲ್ಲಿ ಗೆದ್ದ ತಂಡದಲ್ಲಿ ಫಿನ್ಲೆಂಡಿನ ಎಮ್ಮಾ ಕಿಮಿಲೈನೆನ್ ಅವರಿದ್ದರು. ಚುಕ್ಕಾಣಿಗೆ ಸಂಬಂಧಿಸಿದ ಈ ನಿಯಮವನ್ನು ಮೆಚ್ಚುತ್ತೇನೆ. ಆದರೆ ನಕ್ಷೆ ಬರೆಯುವ ಮೇಜಿನ ಬಳಿ ಕುಳಿತ ಸ್ತ್ರೀಯನ್ನು ಅದಕ್ಕಿಂತಲೂ ಹೆಚ್ಚಾಗಿ ಮೆಚ್ಚುತ್ತೇನೆ. ಆಕೆಯನ್ನು ಅಲ್ಲಿ ಕುಳ್ಳಿರಿಸಿದ್ದು ಯಾವ ನಿಯಮವೂ ಅಲ್ಲ.