ಮೇಷ್ಟ್ರಿಗೂ ಒಬ್ಬ ಮೇಷ್ಟ್ರು ಬೇಕು!

ಕನ್ನಡದ ತರುಣ ಮಿತ್ರರೇ,

ಹೈಸ್ಕೂಲಿನಲ್ಲಿ ಪಾಠ ಹೇಳಬೇಕಾದರೆ ಬಿ.ಎಡ್. ಮಾಡಿರಬೇಕು. ಅ ಆ ಇ ಈ ತಿದ್ದಿಸುವ ಪ್ರೈಮರಿ ಶಾಲೆಯ ಮೇಡಂ ಕೂಡ ತರಬೇತಿ ಪಡೆದೇ ಬಂದಿರಬೇಕು. ಆದರೆ ಡಿಗ್ರಿ ಕಾಲೇಜಿನಲ್ಲಿ, ಯೂನಿವರ್ಸಿಟಿಯಲ್ಲಿ ನಿಮಗೆ ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕರಿಗೆ? ಸ್ನಾತಕೋತ್ತರ ಪದವಿಯ ಜೊತೆ ನೆಟ್ಟೋ, ಕೆ-ಸೆಟ್ಟೋ, ಪಿಎಚ್.ಡಿ.ಯೋ ಇದ್ದರೆ ಸಾಕು. ಪಾಠ ಮಾಡುವುದು ಹೇಗೆಂದು ಒಂದು ದಿನವೂ ಕಲಿತಿರಬೇಕಾಗಿಲ್ಲ!

ನಾನು ಓದಿದ್ದು ಪಿಯುಸಿ. ಪ್ರೆಸ್ ನಡೆಸುವ ಇವನಿಗೇಕೆ ಯೂನಿವರ್ಸಿಟಿ ಉಸಾಬರಿ ಎನ್ನಬೇಡಿ. ನಮ್ಮ ಪ್ರೆಸ್ಸಿಗೆ ಹೊಸ ಹುಡುಗ ಸೇರಿದರೆ ಮೊದಲ ದಿನವೇ ಆಫ್‌ಸೆಟ್ ಮೆಷಿನ್ ಅವನ ಕೈಗೆ ಕೊಡುವುದಿಲ್ಲ. ತಿಂಗಳುಗಟ್ಟಲೆ ಹಳಬನ ಪಕ್ಕದಲ್ಲಿ ನಿಂತು ಕಾಗದ, ಮಸಿ, ಪ್ಲೇಟು ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ. ಒಂದು ಮದುವೆ ಕಾರ್ಡನ್ನೂ ಪ್ರೂಫ್ ನೋಡದೆ ಅಚ್ಚಿಗೆ ಬಿಡುವುದಿಲ್ಲ. ಹಾಗಿದ್ದ ಮೇಲೆ ನೂರು ವಿದ್ಯಾರ್ಥಿಗಳ ಭವಿಷ್ಯವನ್ನು ಪ್ರೂಫೇ ನೋಡದೆ ಅಚ್ಚಿಗೆ ಬಿಡುತ್ತೀರಲ್ಲ, ಇದು ಯಾವ ನ್ಯಾಯ ಸ್ವಾಮಿ?

ಕಾಗದದ ಮೇಲೆ ಎಲ್ಲವೂ ಇದೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಪ್ರೊಬೇಷನ್ ಕನಿಷ್ಠ ಒಂದು ವರ್ಷ. ಕೆಲಸ ತೃಪ್ತಿಕರವಲ್ಲದಿದ್ದರೆ ಇನ್ನೊಂದು ವರ್ಷ. ಹೊಸದಾಗಿ ಸೇರಿದವರಿಗೆ ಒಂದು ತಿಂಗಳ ತರಬೇತಿ, ಅದೂ ಆದಷ್ಟು ಪಾಠ ಶುರು ಮಾಡುವ ಮೊದಲೇ, ತಪ್ಪಿದರೆ ವರ್ಷದೊಳಗೆ. ಈ 'ಆದಷ್ಟು' ಎಂಬ ಮಾತೇ ಸಾಕಲ್ಲ, ತಪ್ಪಿಸಿಕೊಳ್ಳುವವರಿಗೆ! ಇನ್ನು ವಾರಕ್ಕೆ 16 ಗಂಟೆ ಪಾಠ. ನಿನ್ನೆ ಸೇರಿದವರಿಗೂ 16, ಹತ್ತು ವರ್ಷ ಪಳಗಿದ ಸಹಾಯಕ ಪ್ರಾಧ್ಯಾಪಕರಿಗೂ 16. ಒಂದೊಂದು ಪಾಠಕ್ಕೂ ಮೊದಲ ಸಲ ಟಿಪ್ಪಣಿ ಮಾಡಿಕೊಳ್ಳಬೇಕಾದವರು ರಾತ್ರಿ ಮಲಗುವುದು ಯಾವಾಗ?

ತರಬೇತಿಗೆಂದು 1986ರ ಶಿಕ್ಷಣ ನೀತಿಯ ನಂತರ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಅವುಗಳ ಹೆಸರು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ ಎಂದಾಯಿತು. ಬೋರ್ಡು ಬದಲಾದಾಗಲೆಲ್ಲ ನನ್ನಂಥವರಿಗೆ ಲೆಟರ್‌ಹೆಡ್ ಆರ್ಡರ್ ಸಿಗುತ್ತದೆ. ಹೊಸ ಮೇಷ್ಟ್ರಿಗೆ ಸಿಗುವುದೇನು? ಬಹುಪಾಲು ಇಂಗ್ಲಿಷಿನ ಉಪನ್ಯಾಸ, ಕೊನೆಗೊಂದು ಸರ್ಟಿಫಿಕೇಟು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಮನಮುಟ್ಟಿಸುವ ಬಗೆಯನ್ನು ಹೇಳಿಕೊಡುವವರು ಯಾರು?

ಸರ್ಕಾರಿ ಕಾಲೇಜಿನದು ಇನ್ನೊಂದು ಕಥೆ. ಕರ್ನಾಟಕದ 1977ರ ಪ್ರೊಬೇಷನ್ ನಿಯಮದಂತೆ ಅವಧಿ ಕನಿಷ್ಠ ಎರಡು ವರ್ಷ. ಅವಧಿ ಮುಗಿದರೆ ಸಾಲದು, ತೃಪ್ತಿಕರವಾಗಿ ಮುಗಿಯಿತು ಎಂಬ ಪ್ರತ್ಯೇಕ ಆದೇಶ ಹೊರಬೀಳಬೇಕು. ಆ ಕಡತ ಕದಲುವ ತನಕ ಮೇಷ್ಟ್ರು ಬಾಯಿಬಿಡುವ ಹಾಗಿಲ್ಲ. ಕಲಿಯುವ ಕಾಲವಾಗಬೇಕಾದದ್ದು ಹೆದರುವ ಕಾಲವಾಗಿದೆ!

ಅತಿಥಿ ಉಪನ್ಯಾಸಕರಿಗಂತೂ ಪ್ರೊಬೇಷನ್ನೇ ಇಲ್ಲ, ಇಡೀ ಬದುಕೇ ಪ್ರೊಬೇಷನ್. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ಅವರು ವಾರಗಟ್ಟಲೆ ಪಾಠ ನಿಲ್ಲಿಸಿ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ತರಬೇತಿಯ ಮಾತೆಲ್ಲಿ?

ನಮಗೆ ಮಾದರಿ ಪರದೇಶದಿಂದ ಬರಬೇಕಾಗಿಲ್ಲ. 1929ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಕುವೆಂಪು ಕನ್ನಡ ಅಧ್ಯಾಪಕರಾಗಿ ಸೇರಿದಾಗ ಅಲ್ಲಿ ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರಿದ್ದರು. ವೆಂಕಣ್ಣಯ್ಯ ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷದ ನಂತರ ಬಂದ ಶ್ರೀ ರಾಮಾಯಣ ದರ್ಶನಂ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೇ. 1956ರಲ್ಲಿ ಕುವೆಂಪು ಅದೇ ಯೂನಿವರ್ಸಿಟಿಯ ಕುಲಪತಿಯಾದರು. ಪಕ್ಕದಲ್ಲೊಬ್ಬ ಹಿರಿಯರಿದ್ದರೆ ಎಂಥ ಫಲ ಬರುತ್ತದೆ ನೋಡಿ! ಆದರೆ ವೆಂಕಣ್ಣಯ್ಯನಂಥವರು ಎಲ್ಲರಿಗೂ ಅದೃಷ್ಟದಿಂದ ಸಿಗುವುದಿಲ್ಲ. ಅದನ್ನು ವ್ಯವಸ್ಥೆಯೇ ಒದಗಿಸಬೇಕು.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಮೊದಲ ವರ್ಷ ಪಾಠದ ಗಂಟೆ ಇಳಿಸಿ. ಪ್ರತಿ ಹೊಸ ಮೇಷ್ಟ್ರಿಗೆ ಒಬ್ಬ ಹಿರಿಯರನ್ನು ಜೊತೆ ಮಾಡಿ. ಆ ಹಿರಿಯರು ತರಗತಿಯಲ್ಲಿ ಕೂತು ಕೇಳಲಿ, ತಪ್ಪನ್ನು ಏಕಾಂತದಲ್ಲಿ ಹೇಳಲಿ, ಆ ಮಾತು ಪ್ರೊಬೇಷನ್ ಕಡತಕ್ಕೆ ಹೋಗದಿರಲಿ. ತಿದ್ದುವವರೇ ತೀರ್ಪು ಕೊಡುವವರಾದರೆ ಯಾರು ತಾನೇ ಮನಬಿಚ್ಚಿ ಕಷ್ಟ ಹೇಳಿಕೊಳ್ಳುತ್ತಾರೆ? ತರಬೇತಿ ಕನ್ನಡದಲ್ಲೂ ನಡೆಯಲಿ, ಅತಿಥಿ ಉಪನ್ಯಾಸಕರಿಗೂ ಸಿಗಲಿ. ಅವಧಿ ಮುಗಿದ ಕೂಡಲೇ ಆದೇಶ ಹೊರಡಲಿ.

ಗೆಳೆಯರೇ, ಹೊಸ ಮೇಷ್ಟ್ರು ತಡವರಿಸಿದಾಗ ಹಿಂದಿನ ಬೆಂಚಿನಿಂದ ಸಿಳ್ಳೆ ಹೊಡೆಯುವುದು ಸುಲಭ. ಅವರನ್ನು ಒಂಟಿಯಾಗಿ ಅಲ್ಲಿ ನಿಲ್ಲಿಸಿದವರು ಯಾರು ಎಂದು ಕೇಳುವುದು ಗಂಡೆದೆಯ ಕೆಲಸ. ಅವರ ಪಾಠ ಕೆಟ್ಟರೆ ಸಂಬಳ ನಿಲ್ಲುವುದಿಲ್ಲ, ಕೆಡುವುದು ನಿಮ್ಮ ಮೂರು ವರ್ಷ. ಪ್ರಿನ್ಸಿಪಾಲರಿಗೆ, ಕುಲಪತಿಗಳಿಗೆ, ಉನ್ನತ ಶಿಕ್ಷಣ ಸಚಿವರಿಗೆ ಮನವಿ ಬರೆಯಿರಿ. ಅಚ್ಚು ಹಾಕಿಸಲು ಕಾಸಿಲ್ಲವೇ? ಬನ್ನಿ, ಕಾಗದ ನನ್ನದು, ಮಸಿಯೂ ನನ್ನದು. ಸಹಿ ಮಾತ್ರ ನಿಮ್ಮದಿರಲಿ!