ಗೋಡೆ ಕೊರೆಯುವ ಮುನ್ನ ಲೈಸೆನ್ಸ್ ಕೇಳಿ

ಮನೆ ಕಟ್ಟಿಸುವವರಲ್ಲಿ, ರಿಪೇರಿ ಮಾಡಿಸುವವರಲ್ಲಿ, ಬಾಡಿಗೆಗೆ ಕೊಡುವವರಲ್ಲಿ ಒಂದು ಮನವಿ

ಮನೆ ಕಟ್ಟಿಸುವಾಗ ಮರಳಿಗೆ ಮಣ್ಣು ಬೆರೆತಿದೆಯೇ ಎಂದು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಸಿಮೆಂಟ್ ಚೀಲದ ಮೇಲೆ ಯಾವ ವಾರ, ಯಾವ ತಿಂಗಳು ಎಂದು ಓದುತ್ತೇವೆ. ಟೈಲ್ಸ್‌ಗಾಗಿ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ವೈರಿಂಗ್ ವಿಷಯ ಬಂದಾಗ ಮಾತ್ರ "ನಿಮಗೆ ಗೊತ್ತಿರೋ ಎಲೆಕ್ಟ್ರಿಷಿಯನ್ ಇದ್ರೆ ಕರೀರಿ ಮೇಸ್ತ್ರೀ" ಎಂದು ಹೇಳಿ ನಿಶ್ಚಿಂತರಾಗುತ್ತೇವೆ. ಬಂದವರ ಹತ್ತಿರ ಒಂದು ಪಾಯಿಂಟಿಗೆ ಎಷ್ಟು ಎಂದು ಕೇಳುತ್ತೇವೆ, ಚೌಕಾಸಿ ಮಾಡುತ್ತೇವೆ, ಅಡ್ವಾನ್ಸ್ ಕೊಡುತ್ತೇವೆ. ಪರ್ಮಿಟ್ ಇದೆಯೇ ಎಂದು ಮಾತ್ರ ಕೇಳುವುದಿಲ್ಲ.

ಈ ಕರಪತ್ರ ಹೇಳುವುದು ಒಂದೇ ಮಾತು. ಅಡ್ವಾನ್ಸ್ ಕೊಡುವ ಮೊದಲು ಲೈಸೆನ್ಸ್ ನೋಡಿ. ಲೈಸೆನ್ಸ್ ಯಾರದೋ, ಕೆಲಸದ ಹೊಣೆಯೂ ಅವರದೇ ಆಗಿರಲಿ.

ದೀಪ ಹತ್ತಿದ ಮಾತ್ರಕ್ಕೆ ಕೆಲಸ ಸರಿಯಾಗಿದೆ ಎಂದಲ್ಲ

ಕೆಲಸ ಮುಗಿದ ದಿನ ನಾವು ಮಾಡುವ ಪರೀಕ್ಷೆ ಒಂದೇ: ಸ್ವಿಚ್ ಒತ್ತುವುದು. ದೀಪ ಹತ್ತಿತು, ಫ್ಯಾನ್ ತಿರುಗಿತು, ದುಡ್ಡು ಕೊಟ್ಟೆವು. ಆದರೆ ತಪ್ಪು ವೈರಿಂಗ್‌ನಲ್ಲೂ ದೀಪ ಹತ್ತುತ್ತದೆ.

ಸ್ವಿಚ್ಚನ್ನು ಫೇಸ್ ವೈರಿಗೆ ಕೊಡಬೇಕು. ನ್ಯೂಟ್ರಲ್‌ಗೆ ಕೊಟ್ಟರೂ ಬಲ್ಬು ಹತ್ತುತ್ತದೆ, ಆರುತ್ತದೆ. ಆದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದವರು ಸ್ವಿಚ್ ಆಫ್ ಇದೆ ಎಂಬ ಧೈರ್ಯದಲ್ಲಿ ಕೈ ಹಾಕುತ್ತಾರೆ.

ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತದೆ ಎಂದು ದೂರಿದರೆ, 16 ಆಂಪಿಯರಿನದನ್ನು ಕಿತ್ತು 32 ಆಂಪಿಯರಿನದನ್ನು ಕೂರಿಸಿ ಹೋಗುವವರಿದ್ದಾರೆ. ಟ್ರಿಪ್ ಆಗುವುದು ನಿಲ್ಲುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಒಳಗಿರುವ 2.5 ಚದರ ಮಿಲಿಮೀಟರಿನ ವೈರು ದಪ್ಪವಾಗಿಲ್ಲ. ಅದು ಬಿಸಿಯಾಗುವ ಹೊತ್ತಿಗೆ ಬೀಳಬೇಕಿದ್ದ ಎಂಸಿಬಿ ಈಗ ಬೀಳುವುದಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ವೈರಿನ ಹೊದಿಕೆ ದಿನದಿನಕ್ಕೂ ಬೇಯುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು. ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರ ಅರ್ತ್‌ಗೆ. ಅಲ್ಲಿಗೆ ಹಸಿರು ವೈರು ಎಳೆಯುವ ಬದಲು, ಸಾಕೆಟ್ಟಿನ ಹಿಂದೆಯೇ ಒಂದು ತುಂಡು ವೈರಿನಿಂದ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಫೇಸ್‌ಗೂ ಅರ್ತ್‌ಗೂ ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ. "ನೋಡಿ ಸಾರ್, ಅರ್ತಿಂಗ್ ಫಸ್ಟ್ ಕ್ಲಾಸ್" ಎನ್ನುತ್ತಾರೆ. ಮುಂದೊಂದು ದಿನ ಆ ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿ ಕಡಿದರೆ, ವಾಷಿಂಗ್ ಮೆಷಿನ್ನಿನ ತಗಡಿನ ಮೈಗೆ ನೇರವಾಗಿ ಕರೆಂಟು ಬರುತ್ತದೆ. ಕಾಪಾಡಬೇಕಿದ್ದ ಪಿನ್ನೇ ಕರೆಂಟು ತಂದುಕೊಡುತ್ತದೆ.

ಈ ಮೂರೂ ತಪ್ಪುಗಳು ಪ್ಲಾಸ್ಟರ್, ಪೇಂಟು, ಸ್ವಿಚ್ ಪ್ಲೇಟುಗಳ ಹಿಂದೆ ಇರುವಂಥವು. ಮನೆಯವರ ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ತಿಳಿಯುವುದಿಲ್ಲ. ಕೆಲಸವನ್ನು ನಾವು ಪರೀಕ್ಷಿಸಲಾರೆವು. ಆದ್ದರಿಂದಲೇ ಕೆಲಸ ಮಾಡುವವರನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ವೈರಿಂಗ್ ಕೆಲಸಕ್ಕೆ ಲೈಸೆನ್ಸ್, ಪರ್ಮಿಟ್ ಬೇಕೆಂಬ ನಿಯಮ ನಿನ್ನೆ ಮೊನ್ನೆಯದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲೇ ಇತ್ತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ, ಮತ್ತೆ 2023ರಲ್ಲಿ ಹೊರಡಿಸಿದ ಸುರಕ್ಷತಾ ನಿಬಂಧನೆಗಳಲ್ಲೂ ಮುಂದುವರಿದಿದೆ. ಅದರ ಪ್ರಕಾರ ವೈರಿಂಗ್ ಕೆಲಸಕ್ಕೆ ಮೂರು ಮಂದಿ ಬೇಕು: ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರ, ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕ, ಪರ್ಮಿಟ್ ಇರುವ ವೈರ್‌ಮನ್. ಹೊಸ ವೈರಿಂಗ್ ಅಷ್ಟೇ ಅಲ್ಲ, ಹಳೆಯದಕ್ಕೆ ಸೇರಿಸುವುದು, ಬದಲಾಯಿಸುವುದು, ರಿಪೇರಿ ಮಾಡುವುದು ಎಲ್ಲಕ್ಕೂ ಇದು ಅನ್ವಯ. ಕರ್ನಾಟಕದಲ್ಲಿ ಈ ವ್ಯವಸ್ಥೆ ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆಯದು.

ಹಾಗೆಂದು ಬಲ್ಬು ಬದಲಿಸಲು ಲೈಸೆನ್ಸ್ ಕೇಳಿ ಎಂದು ನಾವು ಹೇಳುತ್ತಿಲ್ಲ, ಕಾನೂನೂ ಹೇಳುವುದಿಲ್ಲ. ಕೆಟ್ಟ ಫ್ಯಾನ್ ತೆಗೆದು ಅಂಥದೇ ಫ್ಯಾನ್ ಹಾಕುವುದು, ಸ್ವಿಚ್ ಬದಲಿಸುವುದು, ಫ್ಯೂಸ್ ಕಟ್ಟುವುದು ಇವಕ್ಕೆ ವಿನಾಯಿತಿ ಇದೆ. ಆದರೆ ಫ್ಯಾನ್ ಇದ್ದ ಕೋಣೆಗೆ ಎಸಿ ಪಾಯಿಂಟ್, ಬಚ್ಚಲಿಗೆ ಗೀಸರ್ ಪಾಯಿಂಟ್, ಸಂಪಿಗೆ ಮೋಟಾರ್, ಮೇಲ್ಮಹಡಿಗೆ ಹೊಸ ಲೈನ್ ಬೇಕೆಂದರೆ ವಿನಾಯಿತಿ ಮುಗಿಯಿತು.

ಎರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲೇ ಬಿಡೋಣ. ಐಟಿಐ ಸರ್ಟಿಫಿಕೇಟ್ ಕಲಿತಿದ್ದಕ್ಕೆ ಸಾಕ್ಷಿಯೇ ಹೊರತು ಪರ್ಮಿಟ್ ಅಲ್ಲ. ಇನ್ನು, "ಲೈನ್‌ಮನ್ನೇ ಬಂದು ಮಾಡಿಕೊಟ್ಟರು" ಎಂಬುದು ಭದ್ರತೆಯಲ್ಲ. ಬೆಸ್ಕಾಂ ಆಗಲಿ, ಹೆಸ್ಕಾಂ ಆಗಲಿ, ಅವರ ಹೊಣೆ ಮೀಟರಿನವರೆಗೆ. ಮೀಟರ್ ದಾಟಿದ ಮೇಲಿನ ವೈರಿಂಗ್ ಮನೆ ಮಾಲೀಕರ ಹೊಣೆ.

ಸಹಿ ಒಬ್ಬರದು, ಇಕ್ಕಳ ಇನ್ನೊಬ್ಬರದು

"ಲೈಸೆನ್ಸ್ ಇಲ್ಲದಿದ್ದರೆ ನಮಗೆ ಮೀಟರ್ ಹೇಗೆ ಬಂತು?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹೊಸ ಸಂಪರ್ಕಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ, ಮೊಹರು ಬಿದ್ದ ಕಾಮಗಾರಿ ಪೂರ್ಣಗೊಂಡ ವರದಿ ಬೇಕು. ಆ ವರದಿ ನಿಮ್ಮ ಕಡತದಲ್ಲೂ ಇರಬಹುದು. ಒಮ್ಮೆ ತೆಗೆದು ನೋಡಿ. ಅದರಲ್ಲಿರುವ ಹೆಸರಿನವರು ನಿಮ್ಮ ಮನೆಗೆ ಬಂದಿದ್ದರೇ? ಅವರ ಮುಖ ನಿಮಗೆ ಗೊತ್ತೇ?

ಅನೇಕ ಕಡೆ ಕೆಲಸ ಮಾಡುವವರು ಒಬ್ಬರು, ಕಾಗದಕ್ಕೆ ಮೊಹರು ಹಾಕುವವರು ಇನ್ನೊಬ್ಬರು. ನಡುವೆ ಇಷ್ಟು ದುಡ್ಡು ಎಂದು ಗೊತ್ತಾದ ರೇಟು. ಮೀಟರ್ ಬೇಗ ಕೂರಲಿ ಎಂದು ನಾವೂ ಸುಮ್ಮನಿರುತ್ತೇವೆ. ಆ ಸಹಿಗೆ ಅರ್ಥವಿದೆ. ವೈರುಗಳ ನಡುವೆ, ವೈರಿಗೂ ಅರ್ತ್‌ಗೂ ನಡುವೆ 500 ವೋಲ್ಟ್ ಮೆಗ್ಗರ್ ಹಚ್ಚಿ ಇನ್ಸುಲೇಷನ್ ಅಳೆದಿದ್ದೇವೆ, ಅದು ಕನಿಷ್ಠ 1 ಮೆಗಾಓಮ್ ಇದೆ, ಅರ್ತ್ ಸರಿಯಾಗಿದೆ ಎಂದು ಹೇಳುವ ಸಹಿ ಅದು. ಮನೆಯ ಹೊಸ್ತಿಲನ್ನೇ ತುಳಿಯದವರು ಅದನ್ನು ಹೇಗೆ ಹೇಳಿಯಾರು? ಲೈಸೆನ್ಸ್ ಇಲ್ಲದ ಕೆಲಸಕ್ಕಿಂತ ಬಾಡಿಗೆ ಮೊಹರಿನ ಕೆಲಸ ಹೆಚ್ಚು ಅಪಾಯ, ಏಕೆಂದರೆ ಪರೀಕ್ಷೆ ಆಗಿದೆ ಎಂಬ ಸುಳ್ಳು ನಂಬಿಕೆಯಲ್ಲಿ ನಾವು ಬದುಕುತ್ತಿರುತ್ತೇವೆ.

ಅಡ್ವಾನ್ಸ್ ಕೊಡುವ ಮೊದಲು

1. ಗುತ್ತಿಗೆದಾರರ ಲೈಸೆನ್ಸ್, ಕೆಲಸಕ್ಕೆ ಬರುವವರ ಪರ್ಮಿಟ್ ಎರಡನ್ನೂ ಕೇಳಿ. ಮೊಬೈಲಿನಲ್ಲಿರುವ ಮಸುಕು ಫೋಟೊ ಸಾಲದು, ಮೂಲ ಪ್ರತಿ ನೋಡಿ.
2. ಹೆಸರು ಎದುರಿಗಿರುವವರದೇನಾ, ಅವಧಿ ಮುಗಿದಿಲ್ಲವೇ ನೋಡಿ. ನವೀಕರಿಸದ ಲೈಸೆನ್ಸ್ ಲೆಕ್ಕಕ್ಕಿಲ್ಲ.
3. ಅನುಮಾನ ಬಂದರೆ ನಂಬರ್ ಬರೆದುಕೊಂಡು ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.
4. ಲೈಸೆನ್ಸ್ ನಂಬರ್, ವೈರಿನ ಗಾತ್ರ, ಐಎಸ್‌ಐ ಗುರುತಿನ ಸಾಮಾನು, ಪಾಯಿಂಟ್ ರೇಟು ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ.
5. ಬಿಲ್ ಬೇಕೆಂದು ಮೊದಲೇ ಹೇಳಿ. ನಾಳೆ ತಕರಾರು ಎದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದ.

ಕೊನೆಯ ಕಂತು ಕೊಡುವ ಮೊದಲು

ಮೆಗ್ಗರ್ ಹಚ್ಚಿ ಓದಿದ್ದನ್ನು ನಿಮ್ಮ ಎದುರಿಗೇ ತೋರಿಸಲು ಹೇಳಿ. ಪ್ಲಾಸ್ಟರ್ ಮಾಡುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗಲೂ ಉಪಯೋಗಕ್ಕೆ ಬರುತ್ತದೆ.

ಡಿಬಿ ಬಾಕ್ಸಿನಲ್ಲಿ ಆರ್‌ಸಿಸಿಬಿ ಇದೆಯೇ ನೋಡಿ. ಎಂಸಿಬಿ ಉಳಿಸುವುದು ವೈರನ್ನು, ಮನುಷ್ಯರನ್ನಲ್ಲ. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಕೇವಲ 30 ಮಿಲಿಆಂಪಿಯರ್ ಸೋರಿದರೆ ಬೀಳಬೇಕು. ಅದರ ಮೇಲಿನ 'ಟಿ' ಗುಂಡಿ ಒತ್ತಿದಾಗ ತಟ್ಟನೆ ಬೀಳದಿದ್ದರೆ ಬದಲಿಸಲು ಹೇಳಿ. ಅರ್ತ್ ಇಲ್ಲದ ಮನೆಯಲ್ಲೂ ಆ ಗುಂಡಿ ಕೆಲಸ ಮಾಡುತ್ತದೆ. ಆದ್ದರಿಂದ ಅರ್ತಿಂಗ್ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಿ. ಒಂದೆರಡು ಸಾಕೆಟ್ ಬಿಚ್ಚಿಸಿ, ಹಸಿರು ವೈರು ನಿಜವಾಗಿ ಬಂದಿದೆಯೇ ಕಣ್ಣಾರೆ ನೋಡಿ.

"ಆದರೆ..." ಎನ್ನುವವರಿಗೆ

"ನಮ್ಮ ಹುಡುಗ ಇಪ್ಪತ್ತು ವರ್ಷದಿಂದ ಮಾಡ್ತಿದ್ದಾನೆ." ಇರಬಹುದು, ಕೈಚಳಕವೂ ಇರಬಹುದು. ಆದರೆ ಗೋಡೆಯೊಳಗಿನ ತಪ್ಪು ಹತ್ತು ವರ್ಷ ಸುಮ್ಮನಿರಬಲ್ಲದು. ಇದುವರೆಗೆ ಯಾರೂ ದೂರಿಲ್ಲ ಎಂಬುದು ಕೆಲಸ ಸರಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಅಷ್ಟು ಅನುಭವ ಇರುವವರಿಗೆ ಪರ್ಮಿಟ್ ಪರೀಕ್ಷೆ ಭಯವಾಗಬೇಕಿಲ್ಲ.

"ಲೈಸೆನ್ಸ್ ಇದ್ದವರು ದುಬಾರಿ." ಸ್ವಲ್ಪ ಹೆಚ್ಚು ಕೇಳಬಹುದು. ಕನ್ಸೀಲ್ಡ್ ವೈರಿಂಗ್ ಕೆಟ್ಟರೆ ಟೈಲ್ಸ್ ಒಡೆದು, ಗೋಡೆ ಕೊರೆದು, ಮತ್ತೆ ಪೇಂಟ್ ಹೊಡೆಸುವ ಖರ್ಚನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿ. ಜೀವದ ಲೆಕ್ಕ ಅದರಾಚೆಗಿನದು.

"ನಮ್ಮ ಊರಲ್ಲಿ ಸಿಗುವುದಿಲ್ಲ." ಹತ್ತಿರದ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಹೋಗಿ ಕೇಳಿ. ಹೊಸ ಸಂಪರ್ಕದ ಕಾಗದಗಳೆಲ್ಲ ಅಲ್ಲಿಗೇ ಬರುವುದರಿಂದ ಆ ಭಾಗದಲ್ಲಿ ಕೆಲಸ ಮಾಡುವ ಗುತ್ತಿಗೆದಾರರು ಯಾರೆಂದು ಅವರಿಗೆ ತಿಳಿದಿರುತ್ತದೆ.

ಎಲೆಕ್ಟ್ರಿಷಿಯನ್ ಬಂಧುಗಳಲ್ಲಿ

ಈ ಕರಪತ್ರ ನಿಮ್ಮ ಅನ್ನಕ್ಕೆ ಕಲ್ಲು ಹಾಕಲು ಅಲ್ಲ. ಸುತ್ತಿಗೆ, ಉಳಿ ಹಿಡಿದು ದಿನವಿಡೀ ಗೋಡೆ ಕೊರೆಯುವವರು ನೀವು, ಮೊದಲು ಶಾಕ್ ಹೊಡೆಸಿಕೊಳ್ಳುವವರೂ ನೀವೇ. ನಿಮ್ಮ ಬೆವರಿನ ಕೆಲಸಕ್ಕೆ ಮೊಹರು ಹಾಕಿ ದುಡ್ಡು ಎಣಿಸುವವರು ಬೇರೆ ಯಾರೋ ಏಕಾಗಬೇಕು? ಪರ್ಮಿಟ್ ಮಾಡಿಸಿಕೊಳ್ಳಿ. ಕೇಳುವ ಮೊದಲೇ ತೋರಿಸಿ. ಅದನ್ನು ನೋಡಿದ ಮೇಲೂ ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ಮಾಲೀಕರಿಗೆ ಈ ಕರಪತ್ರ ಕೊಡಿ.

ಮಾನ್ಯರೇ, ಈ ವಿಷಯದಲ್ಲಿ ಕಾನೂನು ಕಡಿಮೆಯಾಗಿಲ್ಲ. ಕೇಳುವವರು ಕಡಿಮೆಯಾಗಿದ್ದಾರೆ, ಅಷ್ಟೇ. ಒಂದು ಬೀದಿಯಲ್ಲಿ ಹತ್ತು ಮನೆಯವರು "ಪರ್ಮಿಟ್ ತೋರಿಸಿ" ಎನ್ನಲು ಶುರು ಮಾಡಿದರೆ, ಹನ್ನೊಂದನೆಯ ಮನೆಗೆ ಬರುವವರು ಪರ್ಮಿಟ್ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ನಿಮ್ಮ ಮನೆಯಿಂದಲೇ ಶುರುವಾಗಲಿ.

ಓದಿದ ಮೇಲೆ ಎಸೆಯಬೇಡಿ. ಮನೆ ಕಟ್ಟಿಸುತ್ತಿರುವ ನೆರೆಯವರಿಗೆ ಕೊಡಿ.

ಇಂತಿ,
ಬಡಾವಣೆಯ ನಿವಾಸಿಗಳು